ಪರವಾನಗಿಯೇ ಪರೀಕ್ಷೆಯಲ್ಲ: ಪೀರ್ ರಿವ್ಯೂ ಚರಿತ್ರೆಯ ಒಂದು ಸಾಕ್ಷ್ಯದ ಮರುಪರಿಶೀಲನೆ

ವಿದ್ವತ್ಪತ್ರಿಕೆಗೆ ಬಂದ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಅದೇ ವಿಷಯದಲ್ಲಿ ಪಳಗಿದ ಇಬ್ಬರು ಮೂವರಿಗೆ ಕಳುಹಿಸಿ, ಅವರ ಹೆಸರನ್ನು ಲೇಖಕರಿಗೆ ತಿಳಿಸದೆ ಅಭಿಪ್ರಾಯ ಪಡೆಯುವ ಪದ್ಧತಿಗೆ ಇಂದು ಪೀರ್ ರಿವ್ಯೂ ಎನ್ನುತ್ತಾರೆ. ಇದರ ಹುಟ್ಟನ್ನು 1665ರ ಲಂಡನ್ನಿನಲ್ಲಿ ಗುರುತಿಸುವ ವಾಡಿಕೆಗೆ ಬಲ ಬಂದದ್ದು ಸಮಾಜಶಾಸ್ತ್ರಜ್ಞರಾದ ಹ್ಯಾರಿಯೆಟ್ ಝುಕರ್‌ಮನ್ ಮತ್ತು ರಾಬರ್ಟ್ ಮರ್ಟನ್ 1971ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಆ ಪ್ರಬಂಧದ ಉಳಿದ ಅಂಕಿಅಂಶಗಳ ಬೆಲೆ ಕಡಿಮೆಯಲ್ಲವಾದರೂ ಅದರ ಚರಿತ್ರೆಯ ಭಾಗ ಸಡಿಲವಾದ ನೆಲದ ಮೇಲೆ ನಿಂತಿದೆ.

ಆ ನೆಲವೆಂದರೆ ರಾಯಲ್ ಸೊಸೈಟಿಯ ಆಡಳಿತ ಮಂಡಳಿ 1665ರ ಮಾರ್ಚ್ 1ರಂದು ಮಾಡಿದ ಒಂದು ಠರಾವು. ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಸಿದ್ಧಪಡಿಸುವ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ತಿಂಗಳಿಗೊಮ್ಮೆ ಅಚ್ಚಾಗಬೇಕು, ಮಂಡಳಿಯ ಕೆಲವು ಸದಸ್ಯರು ಮೊದಲು ನೋಡಿದ ಮೇಲೆ ಅದಕ್ಕೆ ಪರವಾನಗಿ ಕೊಡಬೇಕು ಎಂಬುದು ಅದರ ತಾತ್ಪರ್ಯ. ಸದಸ್ಯರು ನೋಡುವುದೆಂದರೆ ವಿದ್ವಾಂಸರು ಪರೀಕ್ಷಿಸುವುದೇ ಎಂದು ತಿಳಿದವರು ಠರಾವಿನ ಉಳಿದರ್ಧವನ್ನು ಓದಿದಂತೆ ತೋರುವುದಿಲ್ಲ. ಸದಸ್ಯರ ಕಣ್ಣಿಗೆ ಬೀಳಬೇಕಾದದ್ದು ಬಿಡಿ ಲೇಖನವಲ್ಲ, ಇಡೀ ಸಂಚಿಕೆ. ಕೇಳಿದ್ದು ಅಭಿಪ್ರಾಯವಲ್ಲ, ಅಚ್ಚುಹಾಕಲು ಅಪ್ಪಣೆ. 1662ರ ಮುದ್ರಣ ಕಾಯಿದೆ ಜಾರಿಯಲ್ಲಿದ್ದ ಆ ಕಾಲದಲ್ಲಿ ಪರವಾನಗಿಯಿಲ್ಲದೆ ಪುಸ್ತಕ ಹೊರಬರುವಂತಿರಲಿಲ್ಲ, ಆದ್ದರಿಂದ ರಾಜದ್ರೋಹವೋ ಧರ್ಮದ್ರೋಹವೋ ನುಸುಳದಂತೆ ನೋಡುವ ಹೊಣೆ ಮಂಡಳಿಯದಾಗಿತ್ತು. ಪತ್ರಿಕೆ ಓಲ್ಡನ್‌ಬರ್ಗರ ಸ್ವಂತ ಉದ್ಯಮವಾಗಿತ್ತು. ಲಾಭ ನಷ್ಟವೂ ಅವರದೇ, ಆಯ್ಕೆಯೂ ಅವರದೇ. ಸೊಸೈಟಿ ಅದನ್ನು ವಹಿಸಿಕೊಂಡದ್ದು 1752ರಲ್ಲಿ. ಆಗಲೂ ಸಮಿತಿಯೊಂದು ಮತ ಹಾಕಿ ಲೇಖನಗಳನ್ನು ಆರಿಸುತ್ತಿತ್ತೇ ಹೊರತು, ಅವುಗಳಲ್ಲಿ ಹೇಳಿದ ಸಂಗತಿಗಳ ಸತ್ಯಕ್ಕೆ ತಾನು ಹೊಣೆಯಲ್ಲವೆಂದು ಅಚ್ಚುಹಾಕಿಯೇ ಸಾರುತ್ತಿತ್ತು.

ಲಿಖಿತ ವರದಿ ಕೇಳುವ ಪದ್ಧತಿ ಬಂದದ್ದು ಸೊಸೈಟಿಯ ಸದಸ್ಯ ವಿಲಿಯಂ ಹ್ಯೂವೆಲ್ 1831ರಲ್ಲಿ ಅದನ್ನು ಸೂಚಿಸಿದ ಮೇಲೆ. ಜಾರ್ಜ್ ಏರಿ ಭೂಮಿ ಮತ್ತು ಶುಕ್ರಗ್ರಹಗಳ ಚಲನೆಯ ಕುರಿತು ಬರೆದ ಲೇಖನವನ್ನು ಹ್ಯೂವೆಲ್ ಮತ್ತು ಜಾನ್ ಲಬಕ್ ಜೊತೆಯಾಗಿ ಪರಿಶೀಲಿಸಲು ಹೊರಟು, ಒಬ್ಬರು ಮೆಚ್ಚುಗೆ ಬರೆಯಬೇಕೆಂದೂ ಇನ್ನೊಬ್ಬರು ದೋಷ ತೋರಿಸಬೇಕೆಂದೂ ಹಟ ಹಿಡಿದು, ಮೊದಲ ವರದಿಯಲ್ಲೇ ಪರಿಶೀಲಕರಲ್ಲಿ ಒಮ್ಮತವಿಲ್ಲದಂತಾಯಿತು. ಇಂದಿನ ಸಂಪಾದಕರಿಗೆ ಇದು ಹೊಸ ಸುದ್ದಿಯೇನಲ್ಲ.

ಅನುಮತಿ ಮತ್ತು ಪರೀಕ್ಷೆಗಳನ್ನು ಒಂದಾಗಿ ಕಾಣುವ ತಪ್ಪು ಲಂಡನ್ನಿನ ಸಾಕ್ಷ್ಯಕ್ಕೆ ಮೀಸಲಾದುದಲ್ಲ. ಕನ್ನಡದಲ್ಲೂ ಅದಕ್ಕೆ ನಿದರ್ಶನವಿದೆ. ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ತನ್ನ ಮಾತುಗಳಿಗೆ ಅರಸ ನೃಪತುಂಗನ ಸಮ್ಮತಿ ಇದೆಯೆಂದು ಹೇಳಿಕೊಳ್ಳುತ್ತದೆ. 1898ರಲ್ಲಿ ಗ್ರಂಥವನ್ನು ಸಂಪಾದಿಸಿದ ಕೆ. ಬಿ. ಪಾಠಕರು ಅರಸನನ್ನೇ ಕರ್ತೃವೆಂದು ತಿಳಿದರು. ಜೆ. ಎಫ್. ಫ್ಲೀಟರು 1904ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯ ಪುಟಗಳಲ್ಲಿ ಇದನ್ನು ಅಲ್ಲಗಳೆದರು. ಫ್ಲೀಟರ ಧಾಟಿ ಕಟುವಾದುದು, ಪಾಠಕರ ಶ್ರಮಕ್ಕೆ ಸಲ್ಲಬೇಕಾದ ಮರ್ಯಾದೆ ಅದರಲ್ಲಿ ಪೂರ್ತಿ ಸಂದಿಲ್ಲ. ಆದರೂ ಒಪ್ಪಿಗೆ ಕೊಟ್ಟವನು ಬರೆದವನಾಗಬೇಕಿಲ್ಲ ಎಂಬ ವಾದಕ್ಕೆ ಮುಂದೆ ಪುಷ್ಟಿ ದೊರೆತು, 1968ರಲ್ಲಿ ಎಂ. ವಿ. ಸೀತಾರಾಮಯ್ಯನವರು ಕೃತಿಯನ್ನು ಆಸ್ಥಾನದ ಕವಿ ಶ್ರೀವಿಜಯನ ಹೆಸರಿನಲ್ಲೇ ಪ್ರಕಟಿಸಿದರು. ಪೀರ್ ರಿವ್ಯೂ ಚರಿತ್ರೆಗೆ ಇಲ್ಲಿ ಬೇಕಾದದ್ದು ರಾಜನ ಸಮ್ಮತಿಯಲ್ಲ, ಫ್ಲೀಟರ ಆಕ್ಷೇಪ: ಅದು ಅಚ್ಚಾದ ಮೇಲೆ ಬಂದ ಪರೀಕ್ಷೆ, ಪರೀಕ್ಷಕರ ಹೆಸರಿನೊಂದಿಗೇ ಬಂದದ್ದು.

ಇದೇ ತಪ್ಪು ಈಚೆಗೆ ಆಡಳಿತದ ರೂಪ ತಾಳಿತು. ಮಹಾಪ್ರಬಂಧ ಸಲ್ಲಿಸುವ ಮೊದಲು ಪರಿಶೀಲಿತ ಪತ್ರಿಕೆಯಲ್ಲಿ ಒಂದು ಲೇಖನವಾದರೂ ಬಂದಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮ ವಿಧಿಸಿದ್ದರಿಂದ, ಗುಲಬರ್ಗಾ ವಿಶ್ವವಿದ್ಯಾಲಯವೂ ಸೇರಿದಂತೆ ದೇಶದ ಎಲ್ಲ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಪತ್ರಿಕೆಯ ಹೆಸರು ಆಯೋಗದ ಮಾನ್ಯತಾ ಪಟ್ಟಿಯಲ್ಲಿದೆಯೇ ಎಂಬುದೇ ಮುಖ್ಯವಾಯಿತು. 2018ರ ಮೇ ತಿಂಗಳಲ್ಲಿ ಆಯೋಗವು 4,305 ಪತ್ರಿಕೆಗಳನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಅನಂತರ ಬಂದ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಪತ್ರಿಕೆಗೆ ಸಿಕ್ಕ ಮುದ್ರೆಯನ್ನು ಅದರೊಳಗಿನ ಪ್ರತಿ ಲೇಖನಕ್ಕೂ ಹಚ್ಚಿದ್ದು, ಸಂಚಿಕೆಗೆ ಕೊಟ್ಟ ಅಪ್ಪಣೆಯನ್ನು ಲೇಖನದ ಪರೀಕ್ಷೆಯೆಂದು ಓದಿದ ಝುಕರ್‌ಮನ್ ಮತ್ತು ಮರ್ಟನ್ ಅವರ ಹಾದಿಯನ್ನೇ ಹಿಡಿದಂತಾಯಿತು.

ಅನುಮತಿ, ಪರೀಕ್ಷೆ ಎರಡನ್ನೂ ಬೇರೆಬೇರೆಯಾಗಿ ಇಟ್ಟ ವ್ಯವಸ್ಥೆಯೊಂದು ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆಯ ಪ್ರಕರಣದಲ್ಲಿ ಸಿಗುತ್ತದೆ. ವಿದ್ವಾಂಸರು ಇತ್ತ ನೋಡದಿರುವುದು ಬಹುಶಃ ಬಾಳೆಯ ತಪ್ಪಲ್ಲ. ಆ ಹಣ್ಣಿಗೆ ಭೌಗೋಳಿಕ ಸೂಚಕದ ನೋಂದಣಿಯಿದೆ, ಎಂದರೆ ಆ ಹೆಸರು ಆ ನೆಲದ ಬೆಳೆಗೇ ಸಲ್ಲತಕ್ಕದ್ದೆಂಬ ಕಾನೂನಿನ ರಕ್ಷಣೆ. 1999ರ ಕಾಯಿದೆಯಡಿ ಇಂಥ ಅರ್ಜಿಯನ್ನು ಮೊದಲು ತಜ್ಞರ ಗುಂಪು ನೋಡುತ್ತದೆ. ಅಂಗೀಕೃತವಾದ ಅರ್ಜಿಯನ್ನು ಚೆನ್ನೈನ ನೋಂದಣಿ ಕಚೇರಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿ, ಯಾರಾದರೂ ಲಿಖಿತವಾಗಿ ತಕರಾರು ಸಲ್ಲಿಸಲು ಮೂರು ತಿಂಗಳ ಅವಕಾಶ ಕೊಡುತ್ತದೆ, ಕೋರಿದರೆ ಇನ್ನೊಂದು ತಿಂಗಳು. ತಕರಾರಿನ ಪ್ರತಿ ಅರ್ಜಿದಾರರ ಕೈಸೇರುತ್ತದೆ. ಅವರು ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿಯನ್ನೇ ಕೈಬಿಟ್ಟಂತೆ ಎಣಿಸಲಾಗುತ್ತದೆ. ಹೆಸರು ಮರೆಸಿ ಎರಡು ಸಾಲು ಗೀಚಿ ಲೇಖನ ಹಿಂದಿರುಗಿಸುವ ಪರಿಶೀಲಕರಿಗೆ ಆ ಕಾಯಿದೆಯಲ್ಲಿ ಜಾಗವಿಲ್ಲ.