ಉಸಿರು ಕಾಯುವ ಪಾಳಿ

1952ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನ ಬ್ಲೆಗ್‌ಡಾಮ್ ಆಸ್ಪತ್ರೆಗೆ ಪೋಲಿಯೊ ರೋಗಿಗಳು ಸಾಲುಗಟ್ಟಿದಾಗ ಅಲ್ಲಿದ್ದದ್ದು ಒಂದೇ ಒಂದು ಐರನ್ ಲಂಗ್, ಅಂದರೆ ದೇಹವನ್ನು ಒಳಗಿಟ್ಟು ಉಸಿರಾಡಿಸುವ ಪೆಟ್ಟಿಗೆ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಬೇರೆ ಹಾದಿ ಹಿಡಿದರು: ಕತ್ತಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಇಳಿಸಿ, ರಬ್ಬರ್ ಚೀಲ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುವುದು. ಚೀಲ ಒತ್ತಲು ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಮೇಲೆ ಕುಳಿತರು. ಶೇ 80ಕ್ಕೂ ಮೀರಿದ್ದ ಸಾವಿನ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಆ ವೇಳೆಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಸಿಲಿಂಡರ್ ಹೊರುವ, ಮಾಸ್ಕ್ ಹಾಕುವ, ಟೆಂಟ್ ಕಟ್ಟುವ ಕೆಲಸಗಾರರ ಪಡೆಯೇ ಇತ್ತು. 1947ರಲ್ಲಿ ಷಿಕಾಗೊದಲ್ಲಿ ಅವರ ಸಂಘವೂ ಅಧಿಕೃತವಾಗಿ ಹುಟ್ಟಿತು. ವೆಂಟಿಲೇಟರ್‌ಗಳು ಬಂದು, ಐಸಿಯುಗಳು ತಲೆಯೆತ್ತಿದ ಮೇಲೆ ಸಿಲಿಂಡರ್ ಹೊರುವವರು ಸಾಲದಾದರು. ಯಂತ್ರವನ್ನೂ ಶ್ವಾಸಕೋಶವನ್ನೂ ಒಟ್ಟಿಗೆ ಬಲ್ಲವರು ಬೇಕಾದರು. ರೆಸ್ಪಿರೇಟರಿ ಥೆರಪಿಸ್ಟ್ ಎಂಬ ವೃತ್ತಿ ಬೆಳೆದದ್ದು ಹೀಗೆ.

ಆ ತಿಳಿವಳಿಕೆಯ ಬೆಲೆಗೆ ಪುರಾವೆ ಸಿಕ್ಕಿದ್ದು 1990ರ ದಶಕದಲ್ಲಿ. 1996ರಲ್ಲಿ ಪ್ರಕಟವಾದ, 300 ರೋಗಿಗಳ ಅಮೆರಿಕದ ಅಧ್ಯಯನವೊಂದರಲ್ಲಿ, ತಾನಾಗಿ ಉಸಿರಾಡಬಲ್ಲ ರೋಗಿ ಯಾರೆಂದು ದಿನವೂ ಕ್ರಮಬದ್ಧವಾಗಿ ಪರೀಕ್ಷಿಸಿದ್ದರಿಂದ ವೆಂಟಿಲೇಟರ್ ಅವಧಿಯ ಮಧ್ಯಾಂಕ (ಮೀಡಿಯನ್) ಆರು ದಿನದಿಂದ ನಾಲ್ಕೂವರೆಗೆ ಇಳಿಯಿತು. 2000ದ ಇನ್ನೊಂದು ಅಧ್ಯಯನ, ತೀವ್ರ ಶ್ವಾಸಕೋಶ ಹಾನಿಯಾದವರಿಗೆ ಒಂದು ಉಸಿರಿಗೆ ಕೊಡುವ ಗಾಳಿಯನ್ನು ಕಡಿಮೆ ಮಾಡಿದರೆ ಹೆಚ್ಚು ಜನ ಬದುಕುತ್ತಾರೆಂದು ತೋರಿಸಿತು.

ಐಸಿಯುವಿನ ನೈಟ್ ಡ್ಯೂಟಿಯಲ್ಲಿ ಈ ವಿದ್ಯೆ ಕಾಣುವುದು ಸಣ್ಣ ಸಣ್ಣ ಕೆಲಸಗಳಲ್ಲಿ. ಅಲಾರಂ ಹೊಡೆದುಕೊಂಡರೆ ‘ಆರ್‌ಟಿ’ (ರೆಸ್ಪಿರೇಟರಿ ಥೆರಪಿಸ್ಟ್) ಮೊದಲು ನೋಡುವುದು ರೋಗಿಯ ಎದೆಯನ್ನು, ಆಮೇಲೆ ಪರದೆಯನ್ನು. ಕಫ ಕಟ್ಟಿದೆಯೋ, ಪೈಪಿನಲ್ಲಿ ನೀರು ನಿಂತಿದೆಯೋ, ರೋಗಿ ಟ್ಯೂಬ್ ಕಚ್ಚುತ್ತಿದ್ದಾರೋ? ಮಣಿಕಟ್ಟಿನ ಧಮನಿಯಿಂದ ರಕ್ತ ತೆಗೆದು ಅದರಲ್ಲಿನ ಅನಿಲಗಳ ಪ್ರಮಾಣ (ಎಬಿಜಿ) ನೋಡಬೇಕು, ಬೆಳಿಗ್ಗೆ ಅರ್ಧ ಗಂಟೆ ಯಂತ್ರದ ನೆರವು ತಗ್ಗಿಸಿ ರೋಗಿ ತಡೆದುಕೊಳ್ಳುತ್ತಾರೆಯೇ ಎಂದು ಕಾಯಬೇಕು.

ಭಾರತದಲ್ಲಿ ಈ ಕೆಲಸ ಬಹುಕಾಲ ವೈದ್ಯರು, ನರ್ಸ್‌ಗಳು, ಅನಸ್ತೇಶಿಯಾ ಟೆಕ್ನಿಷಿಯನ್‌ಗಳ ನಡುವೆ ಹಂಚಿಹೋಗಿತ್ತು. ಈಗ ಮಣಿಪಾಲದಲ್ಲಿ ಇದಕ್ಕೆಂದೇ ವಿಭಾಗವಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ರೆಸ್ಪಿರೇಟರಿ ಕೇರ್ ಟೆಕ್ನಾಲಜಿಯಲ್ಲಿ ಬಿಎಸ್‌ಸಿ ನಡೆಸುತ್ತದೆ. ಆದರೂ ಎಷ್ಟೋ ಕಡೆ ಓದಿದ ಪದವಿ ಒಂದು, ಬ್ಯಾಡ್ಜ್ ಮೇಲಿನ ಹುದ್ದೆ ಇನ್ನೊಂದು. ಹತ್ತು ವರ್ಷ ದುಡಿದವರಿಗೂ ಮೇಲೇರಲು ಮೆಟ್ಟಿಲಿಲ್ಲ ಎಂಬ ಕೊರಗು ಈ ವಲಯದಲ್ಲಿ ಸಾಮಾನ್ಯ. ಹೀಗಾಗಿಯೇ ಪ್ರೊಮೆಟ್ರಿಕ್ ಎಂಬ ಅರ್ಹತಾ ಪರೀಕ್ಷೆ, ಡೇಟಾಫ್ಲೋ ಎಂಬ ದಾಖಲೆ ಪರಿಶೀಲನೆ ಮುಗಿಸಿ ಸೌದಿ, ದುಬೈಗಳತ್ತ ಹೊರಡುವವರಿದ್ದಾರೆ.

ಕೋವಿಡ್ ಬಂದು ವೆಂಟಿಲೇಟರ್‌ಗಳ ಲೆಕ್ಕ ಮನೆಮಾತಾದಾಗಲೇ ಅವನ್ನು ನಡೆಸಬಲ್ಲ ಕೈಗಳ ಕೊರತೆ ಬಯಲಾಯಿತು. 2021ರ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿದ ಸಹವರ್ತಿ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಈ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡು, ನೋಂದಣಿ ಮತ್ತು ಏಕರೂಪದ ಪಠ್ಯಕ್ರಮಕ್ಕೆ ದಾರಿ ಮಾಡಿತು.

ಹೋಲಿಕೆಗೆ ನೋಡಿದರೆ, ಅಮೆರಿಕದಲ್ಲಿ 1.3 ಲಕ್ಷಕ್ಕೂ ಹೆಚ್ಚು ಥೆರಪಿಸ್ಟ್‌ಗಳಿದ್ದಾರೆ. ಅಲಾಸ್ಕಾ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಲೈಸೆನ್ಸ್ ಕಡ್ಡಾಯ. ಅಲ್ಲೂ ಕೆಲಸದ ಹೊರೆ, ದಣಿವಿನ ದೂರು ತಪ್ಪಿಲ್ಲ. ಭಾರತದ ಯುವ ಥೆರಪಿಸ್ಟ್‌ಗಳ ಆಸೆಗಳು ಈಗ ಐಸಿಯು ದಾಟಿವೆ: ನಿದ್ರೆ ಪರೀಕ್ಷೆಯ ಲ್ಯಾಬ್, ನವಜಾತ ಶಿಶುಗಳ ಘಟಕ, ವೆಂಟಿಲೇಟರ್ ಕಂಪನಿಗಳ ತರಬೇತಿ ವಿಭಾಗ, ಬೋಧನೆ, ಮನೆಯಲ್ಲೇ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಿಗೆ ನೆರವಾಗುವ ಯಂತ್ರ) ಹಾಕಿಕೊಂಡಿರುವ ರೋಗಿಗಳ ಆರೈಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಹುದ್ದೆ, ಅದಕ್ಕೆ ತಕ್ಕ ವೇತನಶ್ರೇಣಿ ಮತ್ತು ಬಡ್ತಿಯ ನಿಯಮ ಅವರ ಬೇಡಿಕೆಗಳಲ್ಲಿ ಮುಂದಿವೆ.