ವಿಶ್ವವಿದ್ಯಾಲಯದ ಅಧ್ಯಾಪಕರಲ್ಲಿ ಜ್ಞಾನ ವಿನಿಮಯ

ಜ್ಞಾನ ವಿನಿಮಯವೆಂದರೆ ಅಧ್ಯಾಪಕರು ತಮ್ಮ ಓದು, ಸಂಶೋಧನೆ ಮತ್ತು ಪಾಠದ ಅನುಭವವನ್ನು ಸಹೋದ್ಯೋಗಿಗಳಿಗೂ ಹೊರಗಿನವರಿಗೂ ದಾಟಿಸುವ ಕ್ರಿಯೆ. ಮನಸ್ಸಿದ್ದರೆ ಸಾಕು, ತಾನಾಗಿ ಆಗುತ್ತದೆ ಎಂಬ ನಂಬಿಕೆಯುಂಟು. ಹುಬ್ಬಳ್ಳಿ-ಧಾರವಾಡದ ಅನುಭವ ಬೇರೆ ಮಾತು ಹೇಳುತ್ತದೆ: ಅದನ್ನು ಕೆಲಸವೆಂದು ಎಣಿಸುವವರು ಬೇಕು.

ಅವಳಿ ನಗರದ ನಡುವಿನ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ (2009). ಧಾರವಾಡದ ಕಡೆ ಕರ್ನಾಟಕ ವಿಶ್ವವಿದ್ಯಾಲಯ (1949), ಕೃಷಿ ವಿಶ್ವವಿದ್ಯಾಲಯ (1986), ಐಐಟಿ (2016). ಭೂಪಟದಲ್ಲಿ ಎಲ್ಲವೂ ಹತ್ತಿರವೇ. ಆದರೆ ಒಂದು ಕಾನೂನು ಇಲಾಖೆಗೆ, ಒಂದು ಕೃಷಿ ಇಲಾಖೆಗೆ, ಇನ್ನೊಂದು ಉನ್ನತ ಶಿಕ್ಷಣ ಇಲಾಖೆಗೆ ಸೇರಿದ್ದು, ಐಐಟಿ ಕೇಂದ್ರದ್ದು. ನೇಮಕ, ಬಡ್ತಿ, ಅನುದಾನದ ದಾರಿಗಳು ಬೇರೆಯಾದಾಗ ಊರು ಒಂದೇ ಆಗಿದ್ದರೂ ಅಷ್ಟು ಪ್ರಯೋಜನವಿಲ್ಲ. ಕಾನೂನು ವಿಶ್ವವಿದ್ಯಾಲಯದ ಪಾಲಿಗಂತೂ ಬಹುಪಾಲು ಬೋಧಕರು ರಾಜ್ಯದ ಉದ್ದಗಲಕ್ಕೂ ಹರಡಿದ ಸಂಯೋಜಿತ ಕಾಲೇಜುಗಳಲ್ಲಿದ್ದಾರೆ. ಇಂಥವರ ನಡುವೆ ಪಠ್ಯಕ್ರಮ ಸಭೆ, ಮೌಲ್ಯಮಾಪನ ಕೇಂದ್ರದ ಚಹಾದ ಬಿಡುವು ಕೂಡ ವಿನಿಮಯದ ವೇದಿಕೆಯೇ.

ಬಡ್ತಿಯ ಲೆಕ್ಕಾಚಾರದ ಪ್ರಭಾವ ದೊಡ್ಡದು. ಯುಜಿಸಿಯ 2018ರ ನಿಯಮಾವಳಿಯಂತೆ ಇಬ್ಬರು ಸೇರಿ ಬರೆದ ಪ್ರಬಂಧಕ್ಕೆ ತಲಾ ಶೇ. 70 ಅಂಕ, ಲೇಖಕರು ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೆ ಶೇ. 30. ಆನ್‌ಲೈನ್ ಕೋರ್ಸ್ ರೂಪಿಸಿದರೂ ಅಂಕವುಂಟು. ಹೊಸಬರ ಪಕ್ಕ ಕೂತು ಪಾಠದ ಟಿಪ್ಪಣಿ ತಿದ್ದಿಕೊಟ್ಟರೆ ಏನೂ ಇಲ್ಲ. ವರ್ಷ ವರ್ಷ ಬದಲಾಗುವ ಅತಿಥಿ ಉಪನ್ಯಾಸಕರಿಗೆ ಹಂಚಿಕೊಳ್ಳಲು ಪುರುಸೊತ್ತೂ ಇಲ್ಲ, ಭರವಸೆಯೂ ಇಲ್ಲ. ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಜಾಲತಾಣದಲ್ಲಿ ತೆರೆದಿಡುವ ವ್ಯವಸ್ಥೆ ಬರಹವನ್ನೇನೋ ಎಲ್ಲರಿಗೂ ಮುಟ್ಟಿಸಿದೆ.

ಆದರೆ ಹೊರಗಿನವರಿಗೆ ಅವರ ಭಾಷೆಯಲ್ಲೇ ತಿಳಿವಳಿಕೆ ದಾಟಿಸುವುದು ಹೇಗೆ? ಈ ಪ್ರಶ್ನೆಗೆ ಧಾರವಾಡದಲ್ಲೇ ಉತ್ತರ ಸಿಕ್ಕಿತ್ತು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು ಕವಿ ಚೆನ್ನವೀರ ಕಣವಿ 1983ರವರೆಗೆ ನಡೆಸಿದರು. ಪ್ರಾಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುವುದು, ಆ ಉಪನ್ಯಾಸಗಳನ್ನು ಕಡಿಮೆ ಬೆಲೆಯ ಕಿರುಹೊತ್ತಿಗೆಗಳಾಗಿ ಅಚ್ಚು ಹಾಕುವುದು ಅದರ ರೀತಿ. ಪ್ರಾಧ್ಯಾಪಕರ ಒಳ್ಳೆಯತನಕ್ಕಷ್ಟೇ ಬಿಡದೆ, ಅದಕ್ಕೊಂದು ಕಚೇರಿ, ಹಣ, ಹೊಣೆಗಾರರನ್ನು ಒದಗಿಸಿದ್ದು ಅದರ ಗುಟ್ಟು.

ಬರೆದಿಡಲಾಗದ ತಿಳಿವಳಿಕೆಗೆ ಮಾತ್ರ ಪುಸ್ತಕವೂ ಸಾಲದು. ಇಂಥ ತಿಳಿವಳಿಕೆಯನ್ನು ತತ್ತ್ವಜ್ಞಾನಿ ಮೈಕೆಲ್ ಪೊಲಾನಿ 1966ರ ತಮ್ಮ ಕೃತಿಯಲ್ಲಿ ಚರ್ಚಿಸಿದ್ದಾರೆ. ಧಾರವಾಡದಲ್ಲಿ ಕೃಷಿ ವಿಜ್ಞಾನಿ ಬಿ.ಎಚ್. ಕಟರಕಿ ರೂಪಿಸಿದ ವರಲಕ್ಷ್ಮಿ ಎಂಬ ಸಂಕರ ಹತ್ತಿ ತಳಿ (1972) ಒಳ್ಳೆಯ ನಿದರ್ಶನ. ಆ ಸಂಕರ ಬೀಜ ಪಡೆಯಲು ಮೊಗ್ಗಿನ ಕೇಸರಗಳನ್ನು ಕೈಯಿಂದಲೇ ಬಿಡಿಸಿ, ಮರುದಿನ ಇನ್ನೊಂದು ಜಾತಿಯ ಹೂವಿನ ಪರಾಗ ಸವರಬೇಕು. ಅಂಡಾಶಯಕ್ಕೆ ಗಾಯವಾಗದಂತೆ ಉಗುರು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಕಲಿಯಲು ಬಲ್ಲವರ ಜತೆ ಹೊಲದಲ್ಲೇ ನಿಲ್ಲಬೇಕಿತ್ತು.