ತಾಡಪಾಲಿನ ಕಥೆ



ಕಣದಲ್ಲಿ ರಾಶಿ ಬಿದ್ದಿದೆ, ಪಡುವಣದಲ್ಲಿ ಮೋಡ ಕಟ್ಟಿದೆ. ಆಗ ನಿಮ್ಮ ಬಾಯಿಗೆ ಬರುವ ಮೊದಲ ಮಾತೇನು? "ತಾಡಪಾಲು ತಾರೋ!" ವರ್ಷದ ದುಡಿಮೆಯೆಲ್ಲ ಆ ಹೊತ್ತಿಗೆ ಒಂದು ಹೊದಿಕೆಯ ಕೆಳಗೆ. ಆ ಹೊದಿಕೆ ಎಲ್ಲಿಂದ ಬಂತು, ನೋಡೋಣ.

ಇಂಗ್ಲಿಷಿನ 'ಟಾರ್ಪಾಲಿನ್' ನಮ್ಮ ನಾಲಗೆಯಲ್ಲಿ ತಾಡಪಾಲಾಯಿತು. 'ಟಾರ್' ಅಂದರೆ ಡಾಂಬರು. 'ಪಾಲ್' ಅಂದರೆ ಹೊದಿಕೆ. 17ನೆಯ ಶತಮಾನದ ಇಂಗ್ಲಿಷ್ ನಾವಿಕರು ಹಾಯಿಬಟ್ಟೆಗೆ ಡಾಂಬರು ಬಳಿದು ಹಡಗಿನಲ್ಲಿ ಹೊದಿಸುತ್ತಿದ್ದರು. ನೀರೇನೋ ನಿಂತಿತು, ಆದರೆ ಬಿಸಿಲಿಗೆ ಅಂಟು, ಚಳಿಗೆ ಸೆಟೆತ.

1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರು ಹಚ್ಚಿ ಅಂಟಿಸುವ ವಿಧಾನಕ್ಕೆ ಪೇಟೆಂಟು ಪಡೆದರು. ಅದಕ್ಕೂ ಅದೇ ರೋಗ! 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ಹದ ಕಂಡುಕೊಂಡ ಮೇಲೆ ರಬ್ಬರು ಹತೋಟಿಗೆ ಬಂತು.

ಮೇಣ ಹಿಡಿಸಿದ ಹತ್ತಿಯ ಕ್ಯಾನ್ವಾಸು ನಿಮಗೆ ಗೊತ್ತೇ ಇದೆ. ನೆನೆದಾಗ ಅದರ ನೂಲು ಉಬ್ಬಿ ಸಂದು ಮುಚ್ಚುತ್ತದೆ. ಒಣಗಿದಾಗ ಗಾಳಿ ಆಡುತ್ತದೆ. ಆದರೆ ಬಲು ಭಾರ. ಒದ್ದೆಯಾಗಿ ಮಡಿಸಿಟ್ಟಿರೋ, ಬೂಷ್ಟು ಹಿಡಿದು ಕೊಳೆಯುತ್ತದೆ.

ಪಾಲಿಥೀನ್ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ಗಿಬ್ಸನ್ ಮತ್ತು ಫಾಸೆಟ್ ಎಂಬವರ ಪ್ರಯೋಗದಲ್ಲಿ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಮೆ ಒತ್ತಡದಲ್ಲೇ ಗಟ್ಟಿ ಜಾತಿಯದನ್ನು ತಯಾರಿಸಿದರು. ಅದನ್ನು ಪಟ್ಟಿಪಟ್ಟಿಯಾಗಿ ನೇಯ್ದು, ಎರಡೂ ಬದಿಗೆ ತೆಳು ಪದರ ಹಾಕಿದ್ದೇ ಇಂದಿನ ಹಗುರ ತಾಡಪಾಲು. ಲಾರಿಯವರು ಬಳಸುವ ದಪ್ಪನೆಯದು ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಬಳಿದದ್ದು.

ಲೆಕ್ಕ ಹಾಕಿ ನೋಡಿ: 6 ಮೀಟರ್ ಉದ್ದ, 5 ಮೀಟರ್ ಅಗಲ ಅಂದರೆ 30 ಚದರ ಮೀಟರ್. ಚದರ ಮೀಟರಿಗೆ 200 ಗ್ರಾಮಿನ ಪಾಲಿಥೀನಾದರೆ 6 ಕಿಲೋ. 600 ಗ್ರಾಮಿನ ಪಿವಿಸಿಯಾದರೆ 18 ಕಿಲೋ. ಒಬ್ಬಾಳು ಓಡಿಬಂದು ಹೊದಿಸಲು ಮೊದಲನೆಯದು ಸಲೀಸು. ಎಳೆದಾಟ, ತಿಕ್ಕಾಟಕ್ಕೆ ಎರಡನೆಯದು ಗಟ್ಟಿ. ಪಾಲಿಥೀನಿಗೆ ಬಿಸಿಲೇ ಶತ್ರು. ಬಿಸಿಲು ತಡೆಯುವ ಮದ್ದು ಬೆರೆಸಿದೆಯೇ ಎಂದು ಅಂಗಡಿಯಲ್ಲೇ ಕೇಳಿ ಕೊಳ್ಳಿರಿ.

ಒಂದು ಮಾತು ಮರೆಯಬೇಡಿ. ಪ್ಲಾಸ್ಟಿಕ್ಕು ಉಸಿರಾಡುವುದಿಲ್ಲ. ಮೇಲಿನ ಮಳೆ ತಡೆದಂತೆಯೇ ಒಳಗಿನ ಹಬೆಯನ್ನೂ ತಡೆಯುತ್ತದೆ. ಹಸಿ ಶೇಂಗಾ ಅದರಡಿ ದಿನಗಟ್ಟಲೆ ಬೆವರಿದರೆ ಬೂಷ್ಟು ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತವು. ಮೇವಿನಲ್ಲಿದ್ದ ಶೇಂಗಾಹಿಂಡಿಯ ಬೂಷ್ಟಿನ ವಿಷವೇ ಕಾರಣ. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಮನುಷ್ಯರ ಈಲಿಗೂ ಅದು ಕೇಡು.

ಆದ್ದರಿಂದ ಮಳೆ ಬಂದಾಗ ಹೊದಿಸಿರಿ, ಮಳೆ ನಿಂತೊಡನೆ ತೆಗೆದು ರಾಶಿಗೆ ಗಾಳಿ ಆಡಿಸಿರಿ. ಕಾಳು ಚೆನ್ನಾಗಿ ಒಣಗಿದ ಮೇಲೆಯೇ ಚೀಲ ತುಂಬಿರಿ.